ನೋಡುಗರೇ ಕಟ್ಟಿದ ಮೇಳ



ಜಪಾನಿನಲ್ಲಿ ತಯಾರಾಗುವ ಕಾರ್ಟೂನ್ ಚಿತ್ರಗಳಿಗೆ ಅನಿಮೆ ಅನ್ನುತ್ತಾರೆ. ನರುಟೊ, ಒನ್ ಪೀಸ್, ಡೀಮನ್ ಸ್ಲೇಯರ್ ಎಂಬ ಹೆಸರುಗಳು ಹೈಸ್ಕೂಲಿಗೋ ಪಿಯುಸಿಗೋ ಹೋಗುವ ಮಕ್ಕಳಿರುವ ಮನೆಯವರ ಕಿವಿಗೆ ಬಿದ್ದೇ ಇರುತ್ತವೆ. ತುರುವೇಕೆರೆ ತಾಲ್ಲೂಕಿನ ನಮ್ಮ ಸಂಪಿಗೆಯಲ್ಲೂ ಮೊಬೈಲಿನಲ್ಲಿ ಇವನ್ನು ನೋಡುವ ಹುಡುಗರಿದ್ದಾರೆ. ಸಂಪಿಗೆ ರೋಡಿನಲ್ಲೋ ಬಾಣಸಂದ್ರದಲ್ಲೋ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ನೇರಳೆ ಮಾರ್ಗದ ಮೆಟ್ರೋ ಹಿಡಿದರೆ ವೈಟ್‌ಫೀಲ್ಡ್ ಸಿಗುತ್ತದೆ. ಅಲ್ಲಿ ಕಾಮಿಕ್ ಕಾನ್ ಎಂಬ ಮೇಳ ನಡೆಯುತ್ತದೆ. ನೀಲಿ ಕೂದಲಿನ ವಿಗ್ಗು, ರಟ್ಟಿನ ಕತ್ತಿ, ಕೈಯಲ್ಲೇ ಹೊಲಿದ ಜಪಾನಿ ನಿಲುವಂಗಿ ತೊಟ್ಟ ಸಾವಿರಾರು ಮಕ್ಕಳು ಅಲ್ಲಿ ಸೇರುತ್ತಾರೆ. ಇದು ಎಲ್ಲಿಂದ ಬಂತು, ಯಾರು ಶುರು ಮಾಡಿದರು ಎಂದು ಹಿರಿಯರು ಕೇಳುವುದುಂಟು. ಉತ್ತರ ಹುಡುಕಲು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

1975ರಲ್ಲಿ ಟೋಕಿಯೋದಲ್ಲಿ ಮಾಂಗಾ ಅಭಿಮಾನಿಗಳ ಒಂದು ಸಮ್ಮೇಳನ ನಡೆಯುತ್ತಿತ್ತು. ಮಾಂಗಾ ಅಂದರೆ ಜಪಾನಿನವರ ಚಿತ್ರಕಥೆ ಪುಸ್ತಕ. ಆ ಸಮ್ಮೇಳನವನ್ನು ಟೀಕಿಸಿದ ಅಭಿಮಾನಿಯೊಬ್ಬರನ್ನು ಒಳಗೆ ಬಿಡಲಿಲ್ಲ. ಅದನ್ನು ಸಹಿಸದ ‘ಮೇಯ್‌ಕ್ಯೂ’ ಎಂಬ ಸಣ್ಣ ಬಳಗ, ಹಾಗಾದರೆ ಎಲ್ಲರಿಗೂ ಬಾಗಿಲು ತೆರೆದ ಒಂದು ಮೇಳ ಮಾಡೋಣ ಎಂದು ಹೊರಟಿತು. ಅದರಲ್ಲಿದ್ದ ಯೊನೆಜಾವಾ ಯೊಶಿಹಿರೊ ಆಗಿನ್ನೂ ಇಪ್ಪತ್ತೆರಡರ ತರುಣ. ಅದೇ ಡಿಸೆಂಬರ್ 21ರಂದು ಒಂದು ಬಾಡಿಗೆ ಸಭಾಂಗಣದಲ್ಲಿ ಮೊದಲ ಕಾಮಿಕ್ ಮಾರ್ಕೆಟ್ ನಡೆಯಿತು. ಪುಸ್ತಕ ತಂದು ಮೇಜಿನ ಮೇಲೆ ಹರಡಿದವು 32 ಬಳಗಗಳು. ಬಂದವರು ಸುಮಾರು 700 ಜನ. ಅವರಲ್ಲಿ ಬಹುಪಾಲು ಶಾಲೆ ಓದುವ ಹೆಣ್ಣುಮಕ್ಕಳು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಇದೆಲ್ಲ ಗಂಡುಹುಡುಗರ ಹುಚ್ಚು ಅಂದುಕೊಂಡವರು ಬಹಳ ಮಂದಿ ಇದ್ದಾರೆ.

ಆ ಮೇಳದ ಒಂದು ನಿಯಮ ನನಗೆ ತುಂಬಾ ಹಿಡಿಸಿದೆ. ಅಲ್ಲಿ ಗಿರಾಕಿ ಅನ್ನುವವರೇ ಇಲ್ಲ. ಪುಸ್ತಕ ಮಾರುವವರು, ಕೊಳ್ಳುವವರು, ಸಾಲು ನಿಲ್ಲಿಸುವ ಸ್ವಯಂಸೇವಕರು, ಎಲ್ಲರೂ ಸಮಾನವಾಗಿ ಭಾಗವಹಿಸುವವರು. ಮೇಳ ಕೆಟ್ಟರೆ ಎಲ್ಲರ ಹೊಣೆ, ಚೆನ್ನಾದರೆ ಎಲ್ಲರ ಪುಣ್ಯ. ಆ ನಿಯಮ ಹಿಡಿದೇ ಅದು ಬೆಳೆಯಿತು. 1996ರಿಂದ ಟೋಕಿಯೋ ಬಿಗ್ ಸೈಟ್ ಎಂಬ ಭಾರಿ ಪ್ರದರ್ಶನ ಕೇಂದ್ರದಲ್ಲಿ, ಆಗಸ್ಟ್‌ನಲ್ಲೊಮ್ಮೆ ಡಿಸೆಂಬರ್‌ನಲ್ಲೊಮ್ಮೆ ಸೇರುತ್ತಿದೆ. 2019ರ ಬೇಸಿಗೆಯ ನಾಲ್ಕು ದಿನಗಳಲ್ಲಿ ಏಳು ಲಕ್ಷಕ್ಕೂ ಮೀರಿ ಜನ ಬಂದರು. ಯೊನೆಜಾವಾ 2006ರಲ್ಲಿ ತೀರಿಕೊಂಡರು. ಕೊನೆಯವರೆಗೂ ಅವರು ಆ ಮೇಳದ ಮೇಟಿಯಾಗಿದ್ದರು.

ಜಪಾನಿನಿಂದ ಹೊರಗೆ ಅನಿಮೆಯ ಹುಚ್ಚು ಒಂದೊಂದು ಸೀಮೆಗೆ ಒಂದೊಂದು ದಾರಿಯಲ್ಲಿ ಹೋಯಿತು. ಅಮೆರಿಕಕ್ಕೆ ಹೋದದ್ದು ವಿಡಿಯೋ ಕ್ಯಾಸೆಟ್ಟಿನಲ್ಲಿ. ಜಪಾನ್ ಮತ್ತು ಅಮೆರಿಕ ಎರಡೂ ದೇಶಗಳ ಟಿವಿ ಆಗ ಒಂದೇ ಪದ್ಧತಿಯದಾಗಿತ್ತು. ಆದ್ದರಿಂದ ಟೋಕಿಯೋದಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟನ್ನು ಲಾಸ್ ಏಂಜಲಿಸ್‌ನಲ್ಲಿ ಹಾಕಿದರೆ ಹಾಗೆಯೇ ಓಡುತ್ತಿತ್ತು. 1977ರಲ್ಲಿ ಫ್ರೆಡ್ ಪ್ಯಾಟನ್ ಮತ್ತು ಗೆಳೆಯರು ಲಾಸ್ ಏಂಜಲಿಸ್‌ನಲ್ಲಿ ಒಂದು ಕೂಟ ಕಟ್ಟಿದರು. ಭಾಷೆ ಬಾರದಿದ್ದರೂ ಎಲ್ಲರೂ ಒಟ್ಟಿಗೆ ಕೂತು ನೋಡುವುದು, ಕ್ಯಾಸೆಟ್ ನಕಲು ಮಾಡಿ ಬೇರೆ ಊರಿನ ಗೆಳೆಯರಿಗೆ ಅಂಚೆಯಲ್ಲಿ ಕಳಿಸುವುದು. ಅಂಥ ಕೂಟಗಳು ಹೆಚ್ಚಿದ ಮೇಲೆ 1990ರಲ್ಲಿ ಡಲ್ಲಾಸ್‌ನಲ್ಲಿ ಪ್ರಾಜೆಕ್ಟ್ ಎ-ಕಾನ್, 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅನಿಮೆ ಎಕ್ಸ್‌ಪೋ ಶುರುವಾದವು. ಫ್ರಾನ್ಸಿನದು ಬೇರೆ ದಾರಿ. ಅಲ್ಲಿ 1978ರಲ್ಲಿ ಸರ್ಕಾರಿ ಟಿವಿಯಲ್ಲೇ ‘ಗೋಲ್ಡೊರಾಕ್’ ಎಂಬ ಜಪಾನಿ ಧಾರಾವಾಹಿ ಫ್ರೆಂಚ್ ಮಾತಿನಲ್ಲಿ ಬಂತು. ಅದನ್ನು ನೋಡಿ ಬೆಳೆದ ಪೀಳಿಗೆ ದೊಡ್ಡದಾಗಿ 1999ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಜಪಾನ್ ಎಕ್ಸ್‌ಪೋ ಹುಟ್ಟಿತು. ತಮ್ಮ ಭಾಷೆಯಲ್ಲೇ ಕಥೆ ಕೇಳಿದ್ದ ಮಕ್ಕಳು ಅವರು.

ಇನ್ನು ವೇಷದ ವಿಷಯ. ಹೆಚ್ಚಿನವರು ಇದು ಜಪಾನಿನಲ್ಲೇ ಹುಟ್ಟಿತು ಅಂದುಕೊಂಡಿದ್ದಾರೆ. ಆದರೆ 1939ರಲ್ಲೇ ನ್ಯೂಯಾರ್ಕ್‌ನಲ್ಲಿ ವಿಜ್ಞಾನ ಕಥೆಗಳ ಮೊದಲ ವಿಶ್ವ ಸಮ್ಮೇಳನ ನಡೆದಾಗ ಫಾರೆಸ್ಟ್ ಅಕರ್ಮನ್ ಮತ್ತು ಮಿರ್ಟಲ್ ಡಗ್ಲಸ್ ಎಂಬಿಬ್ಬರು ಭವಿಷ್ಯದ ಕಾಲದ ಉಡುಪು ತೊಟ್ಟು ಬಂದಿದ್ದರು. ಎರಡನ್ನೂ ಹೊಲಿದದ್ದು ಮಿರ್ಟಲ್. ಆ ರೂಢಿ ಜಪಾನಿನ ಮೇಳಗಳಲ್ಲಿ ಬೇರುಬಿಟ್ಟು, ಇಂದು ಕಾಸ್‌ಪ್ಲೇ ಎಂಬ ಹೆಸರಿನಲ್ಲಿ ಜಗತ್ತನ್ನು ಸುತ್ತುತ್ತಿದೆ. 2003ರಿಂದ ನಗೋಯಾ ನಗರದಲ್ಲಿ ಇದಕ್ಕೇ ಒಂದು ವಿಶ್ವ ಮೇಳ ನಡೆಯುತ್ತದೆ.

ನಮ್ಮ ತುಮಕೂರು ಸೀಮೆಯವರಿಗೆ ಇದು ಹೊಸದೇ? ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯ ಊರುಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಯುವುದನ್ನು ನೆನೆಸಿಕೊಳ್ಳಿ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಹಾಡು ಹೇಳಿಕೊಡುತ್ತಾರೆ. ದುರ್ಯೋಧನ, ಭೀಮ, ಕೃಷ್ಣ ಯಾವ ಪಾತ್ರ ಬೇಕಾದರೂ ಪಾತ್ರಧಾರಿಯೇ ಕೈಯಿಂದ ದುಡ್ಡು ಹಾಕುತ್ತಾನೆ. ಸೀನರಿ, ಕಿರೀಟ, ಗದೆ, ಭುಜಕೀರ್ತಿ ಎಲ್ಲ ಬಾಡಿಗೆಗೆ ಬರುತ್ತವೆ. ಹಗಲೆಲ್ಲ ತೋಟದಲ್ಲಿ ಕಾಯಿ ಸುಲಿದವನು ರಾತ್ರಿ ಹಸ್ತಿನಾವತಿಯ ದೊರೆ. ಸಂಭಾವನೆ ಯಾರೂ ಕೊಡುವುದಿಲ್ಲ, ಅವನು ಕೇಳುವುದೂ ಇಲ್ಲ. ಆ ಕಥೆಯ ಮೇಲಿನ ಪ್ರೀತಿಗೆ, ಒಂದು ರಾತ್ರಿ ಆ ಪಾತ್ರವೇ ತಾನಾಗುವ ಆಸೆಗೆ ಅಷ್ಟು ಖರ್ಚು, ಅಷ್ಟು ನಿದ್ದೆಗೇಡು. ಇವಿಎ ಫೋಮ್ ಹಾಳೆ ತಂದು, ಹೀಟ್ ಗನ್ನಿನಲ್ಲಿ ಬಿಸಿ ಮಾಡಿ ಬಗ್ಗಿಸಿ, ಗೋಂದು ಅಂಟಿಸಿ ಕವಚ ಕಟ್ಟುವ ಹುಡುಗಿ ಮಾಡುತ್ತಿರುವುದೂ ಇದನ್ನೇ. ಮೂಡಲಪಾಯ ಯಕ್ಷಗಾನದ ಕಿರೀಟ, ಎದೆಕಟ್ಟುಗಳ ಕೆಲಸ ಬಲ್ಲವರು ಆ ಫೋಮಿನ ಕವಚವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಹಗುರಾಗಿರಬೇಕು, ದೂರದಿಂದ ಲೋಹದಂತೆ ಹೊಳೆಯಬೇಕು, ಗಂಟೆಗಟ್ಟಲೆ ತೊಟ್ಟು ನಿಲ್ಲುವಂತಿರಬೇಕು. ಅವರಿಗೂ ಇವರಿಗೂ ಇರುವ ಕಷ್ಟಗಳು ಒಂದೇ.

ಭಾರತಕ್ಕೆ ಅನಿಮೆ ಬಂದ ಬಗೆಗೆ ಬರೋಣ. ನಮ್ಮ ಟಿವಿ ಪದ್ಧತಿ ಜಪಾನಿನದಲ್ಲ, ಹಾಗಾಗಿ ಅಲ್ಲಿನ ಕ್ಯಾಸೆಟ್ಟು ಇಲ್ಲಿ ಸಲೀಸಾಗಿ ಓಡುತ್ತಿರಲಿಲ್ಲ. ನಮಗೆ ಬಾಗಿಲು ತೆರೆದದ್ದು ದೂರದರ್ಶನ. 1993ರಲ್ಲಿ ಭಾನುವಾರ ಬರುತ್ತಿದ್ದ ‘ಜಂಗಲ್ ಬುಕ್’ ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆಯದು. ಅದರ ಹಿಂದಿ ಹಾಡು ಬರೆದವರು ಗುಲ್ಜಾರ್, ರಾಗ ಕಟ್ಟಿದವರು ವಿಶಾಲ್ ಭಾರದ್ವಾಜ್. ಊರಿಗೊಂದೆರಡು ಟಿವಿ ಇದ್ದ ಆ ಕಾಲದಲ್ಲಿ ಮೋಗ್ಲಿಯನ್ನು ನೋಡಿದವರು ತಾವು ಅನಿಮೆ ನೋಡುತ್ತಿದ್ದೇವೆಂದು ಅರಿತಿರಲಿಲ್ಲ. ಅದೇ ಕಾಲಕ್ಕೆ ಯೂಗೊ ಸಾಕೊ ಎಂಬ ಜಪಾನಿ ನಿರ್ಮಾಪಕ, ನಮ್ಮ ದೇಶದ ಅನಿಮೇಷನ್ ಕಲಾವಿದ ರಾಮ್ ಮೋಹನ್ ಅವರೊಂದಿಗೆ ಸೇರಿ ರಾಮಾಯಣವನ್ನೇ ಚಿತ್ರವಾಗಿಸಿದ್ದರು. 1983ರಲ್ಲಿ ಪುರಾತತ್ವಜ್ಞ ಬಿ.ಬಿ. ಲಾಲ್ ಅವರ ಉತ್ಖನನದ ಮೇಲೆ ಸಾಕ್ಷ್ಯಚಿತ್ರ ಮಾಡಲು ಭಾರತಕ್ಕೆ ಬಂದ ಸಾಕೊ ಅವರಿಗೆ ರಾಮಕಥೆ ಅಂಟಿಕೊಂಡಿತ್ತು. 2004ರಲ್ಲಿ ಆನಿಮ್ಯಾಕ್ಸ್ ಚಾನೆಲ್ ಬಂತು. ಡೋರೆಮಾನ್, ಶಿನ್‌ಚಾನ್ ಮನೆಮಾತಾದರು. ಆಮೇಲಿನದು ಅಂತರ್ಜಾಲದ ಕಾಲ.

ಈಶಾನ್ಯ ರಾಜ್ಯಗಳಲ್ಲಿ ಮಾತ್ರ ಈ ಬಳ್ಳಿ ಬೇಗ ಹಬ್ಬಿತು. ಮಣಿಪುರದಲ್ಲಿ 2000ದಿಂದ ಉಗ್ರ ಸಂಘಟನೆಯ ನಿಷೇಧದಿಂದಾಗಿ ಹಿಂದಿ ಚಿತ್ರಗಳು ನಿಂತುಹೋಗಿ, ಕೊರಿಯಾ ಕಡೆಯ ಚಿತ್ರಗಳು ಆ ಜಾಗ ತುಂಬಿದವು; ಹೀಗೆ ಪೂರ್ವ ಏಷ್ಯಾದ ಕಥೆಗಳಿಗೆ ದಾರಿಯಾಯಿತು. ನಾಗಾಲ್ಯಾಂಡಿನ ಕೊಹಿಮಾದಲ್ಲಿ ನಾಗಾಲ್ಯಾಂಡ್ ಅನಿಮೆ ಜಂಕೀಸ್ ಎಂಬ ಯುವಕರ ಬಳಗ ತಾನೇ ಕಾಸ್‌ಫೆಸ್ಟ್ ಎಂಬ ವೇಷಮೇಳ ಕಟ್ಟಿ ನಡೆಸಿಕೊಂಡು ಬಂದಿದೆ. ದೊಡ್ಡ ನಗರದ ಆಸರೆ ಇಲ್ಲದ ಬೆಟ್ಟದೂರಿನಲ್ಲಿ ಇದು ಸಾಧ್ಯವಾಯಿತು ಎಂಬುದು ನನಗೆ ಬಹಳ ದೊಡ್ಡ ಸಂಗತಿ.

ದೆಹಲಿಯ ದಿಲ್ಲಿ ಹಾಟ್‌ನಲ್ಲಿ 2011ರ ಫೆಬ್ರವರಿಯಲ್ಲಿ ಜತಿನ್ ವರ್ಮಾ ಅವರು ದೇಶದ ಮೊದಲ ಕಾಮಿಕ್ ಕಾನ್ ನಡೆಸಿದರು. 2012ರ ಸೆಪ್ಟೆಂಬರ್‌ನಲ್ಲಿ ಅದು ಬೆಂಗಳೂರಿಗೆ ಬಂತು. ಅದಕ್ಕೂ ಮೊದಲೇ, 2005ರಿಂದ, ಬೆಂಗಳೂರಿನ ಜಪಾನಿ ಸಮುದಾಯವೂ ಜಪಾನಿ ಭಾಷೆ ಕಲಿಸುವ ಕನ್ನಡದ ನೆಲದ ಶಿಕ್ಷಕರೂ ಸೇರಿ ಜಪಾನ್ ಹಬ್ಬ ಎಂಬ ಹೆಸರಿನಲ್ಲೇ ಒಂದು ಹಬ್ಬ ನಡೆಸುತ್ತಿದ್ದರು. ಹಾಡು, ಕುಣಿತ, ಉಡುಪು, ಊಟದ ಜೊತೆಗೆ ಅನಿಮೆ ವೇಷಗಳಿಗೂ ಅಲ್ಲಿ ಜಾಗ. ಕಾಮಿಕ್ ಕಾನ್ ಮಾತ್ರ ಕಂಪನಿಯೊಂದು ನಡೆಸುವ, ಟಿಕೆಟ್ ಇಟ್ಟ ಮೇಳ. 2024ರ ಜನವರಿಯಲ್ಲಿ ಅದನ್ನು ನಾಡ್ವಿನ್ ಗೇಮಿಂಗ್ ಕೊಂಡಿತು. ಆದರೂ ಅಲ್ಲಿ ಎಳೆಯ ಚಿತ್ರಕಾರರು ಸ್ವಂತ ಚಿತ್ರ ಮಾರುವ ಸಾಲೊಂದಿದೆ. ನನಗೆ ಮೇಳದ ಜೀವ ಕಾಣುವುದು ಅಲ್ಲಿ.

ಅಭಿಮಾನಿಗಳಿಗೆ ಬಲವಿದೆ. 2019ರಲ್ಲಿ ಶಿಂಕಾಯ್ ಮಕೊಟೊ ಅವರ ‘ವೆದರಿಂಗ್ ವಿತ್ ಯೂ’ ಚಿತ್ರ ಭಾರತದ ಥಿಯೇಟರುಗಳಿಗೆ ಬರಬೇಕೆಂದು ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಮನವಿಗೆ ಸಹಿ ಹಾಕಿದರು. ಅಕ್ಟೋಬರ್ 11ರಂದು ಚಿತ್ರ ಬಂತು, ನಿರ್ದೇಶಕರೂ ಬಂದರು. ಕೊಡಗಿನ ನಟಿ ರಶ್ಮಿಕಾ ಮಂದಣ್ಣ 2024ರ ಮಾರ್ಚ್‌ನಲ್ಲಿ ಟೋಕಿಯೋದ ಅನಿಮೆ ಪ್ರಶಸ್ತಿ ಸಮಾರಂಭದ ವೇದಿಕೆ ಏರಿದರು.

ಇಷ್ಟೆಲ್ಲ ಇದ್ದೂ ಕನ್ನಡ ಎಲ್ಲಿ? ಯೂಗೊ ಸಾಕೊ ಅವರ ರಾಮಾಯಣ 2025ರ ಜನವರಿ 24ರಂದು ದೇಶದ ಥಿಯೇಟರುಗಳಿಗೆ ಬಂದಾಗ ಹಿಂದಿ, ತಮಿಳು, ತೆಲುಗು, ಇಂಗ್ಲಿಷ್‌ನಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಬಂದ ‘ಡೀಮನ್ ಸ್ಲೇಯರ್’ ಚಿತ್ರವೂ ಜಪಾನಿಯ ಜೊತೆಗೆ ಅವೇ ಭಾಷೆಗಳಲ್ಲಿ. ನೋಡುವ ಕನ್ನಡಿಗರಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅದೇ ವರ್ಷ ಬೆಂಗಳೂರಿನ ಹೊಂಬಾಳೆ ಫಿಲಂಸ್ ಅರ್ಪಿಸಿದ ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರ ಕನ್ನಡದಲ್ಲೂ ಬಂತು, ಕುಟುಂಬ ಸಮೇತ ಜನ ಹೋಗಿ ನೋಡಿದರು. ಇನ್ನೂ ಹಿಂದಕ್ಕೆ ಹೋದರೆ, ಅಮರ ಚಿತ್ರ ಕಥೆಯ ಮೊದಲ ಹತ್ತು ಪುಸ್ತಕಗಳು ಹೊರಬಂದದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರು ಆ ಕೆಲಸಕ್ಕೆ ಕೈಹಾಕಿದರು. ಆಮೇಲೆ ಅದನ್ನು ದೇಶಕ್ಕೆಲ್ಲ ಹಬ್ಬಿಸಿದ ಅನಂತ ಪೈ ಕಾರ್ಕಳದವರು. ಅಮರ ಚಿತ್ರ ಕಥೆಗೆ ಮೊದಲ ಹೆಜ್ಜೆ ಇಡಿಸಿದ ಭಾಷೆ, ಇವತ್ತು ತನ್ನದೇ ಮಕ್ಕಳು ಸೇರುವ ಮೇಳದಲ್ಲಿ ಹೊರಗೆ ನಿಂತಿರಬಾರದು.

ಕಂಪನಿಗಳು ಕರುಣೆ ತೋರಲಿ ಎಂದು ಕಾಯಬೇಕಾಗಿಲ್ಲ. ಟೋಕಿಯೋದ ಆ ಮೊದಲ ಮೇಳಕ್ಕೆ ಬೇಕಾದದ್ದು ಒಂದು ದಿನದ ಬಾಡಿಗೆ ಸಭಾಂಗಣ, 32 ಬಳಗಗಳಿಗೆ ಮೇಜು, ತಾವೇ ಬರೆದು ಅಚ್ಚು ಹಾಕಿಸಿದ ತೆಳ್ಳನೆ ಪುಸ್ತಕಗಳು. ತಿಪಟೂರಿನ ಯಾವುದೇ ಸಮುದಾಯ ಭವನದಲ್ಲಿ ಅಷ್ಟು ಮೇಜು ಹಿಡಿಯುತ್ತವೆ. ಜೆರಾಕ್ಸ್ ಅಂಗಡಿಗೆ ಕೊರತೆಯಿಲ್ಲ. ಕನ್ನಡದಲ್ಲಿ ಚಿತ್ರಕಥೆ ಬರೆಯುವ ಹುಡುಗ ಹುಡುಗಿಯರು ತಮ್ಮ ಪುಸ್ತಕ ತರಲಿ. ನರುಟೊ ವೇಷದವನೂ ಮೂಡಲಪಾಯದ ಅರ್ಜುನನೂ ಒಂದೇ ವೇದಿಕೆ ಹತ್ತಲಿ. ಆ ಮಕ್ಕಳು ಭವನದ ಬಾಡಿಗೆ ಕೇಳಿಕೊಂಡು ನಿಮ್ಮಲ್ಲಿಗೆ ಬಂದರೆ, ಹಿರಿಯರಾದ ನೀವು ಒಂದು ಭಾನುವಾರ ಬಿಟ್ಟುಕೊಡಿ. ಕಿರೀಟ ಕಟ್ಟುವ ಕೈಚಳಕ ಬಲ್ಲವರು ಅವತ್ತು ಹೋಗಿ ಅವರ ಪಕ್ಕದಲ್ಲೊಂದು ಮೇಜು ಹಾಕಿಕೊಳ್ಳಿ.