ಬೇಡದ ಸಭೆಗೆ ಮೂರು ಸಲ

ಮಕ್ಕಳ ನೃತ್ಯ ಮುಗಿದ ಮೇಲೂ ಊಟದ ಪಂಕ್ತಿಯ ಕಡೆಗೆ ಏಳದೆ ಕೂತಿರುವ ಕನ್ನಡ ಬಂಧುಗಳೇ,

ನಿನ್ನೆ ಸಂಜೆ ಕಾಸರಗೋಡಿನಲ್ಲಿ ಮಾವೇಲಿ ರೈಲು ಹತ್ತಿದವನು ಇವತ್ತು ಬೆಳಿಗ್ಗೆ ನಿಮ್ಮ ತಿರುವನಂತಪುರದಲ್ಲಿ ಇಳಿದೆ. ಸರಿಯಾಗಿ ಒಂದು ರಾತ್ರಿಯ ದಾರಿ. ನಮ್ಮ ಮಂಜೇಶ್ವರದಿಂದ ಮಂಗಳೂರಿಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಮೀನು ಮಾರುವವರು ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರೆ. ರಾಜಧಾನಿ ಮಾತ್ರ ಇಲ್ಲಿ, ದಕ್ಷಿಣದ ಕೊನೆಯಲ್ಲಿ. ಅರುವತ್ತರ ದಶಕದಲ್ಲಿ ಈ ದಾರಿ ಇನ್ನೂ ಉದ್ದವಿತ್ತು. ಎರ್ನಾಕುಳಂನಿಂದ ಈಚೆ ಮೀಟರ್ ಗೇಜ್. ಅಲ್ಲಿ ಪೆಟ್ಟಿಗೆ ಇಳಿಸಿ, ಬೇರೆ ಗಾಡಿ ಹತ್ತಿ ಬರಬೇಕು.

ಹಾಗೆ ಬರುತ್ತಿದ್ದವರಲ್ಲಿ ಒಬ್ಬರ ಬಗ್ಗೆ ಇವತ್ತು ಮಾತಾಡುತ್ತೇನೆ. ಕಳ್ಳಿಗೆ ಮಹಾಬಲ ಭಂಡಾರಿ. ಕಾಸರಗೋಡಿನ ವಕೀಲರು, ಮಂಜೇಶ್ವರದ ಶಾಸಕರು. ‘ನನ್ನ ಊರನ್ನು ನಿಮ್ಮ ರಾಜ್ಯದಿಂದ ಬಿಟ್ಟುಕೊಡಿ’ ಎಂದು ಕೇಳುವುದಕ್ಕಾಗಿಯೇ ಆ ರಾಜ್ಯದ ವಿಧಾನಸಭೆಗೆ ಆರಿಸಿ ಬಂದವರು. ಅದೂ ಒಂದು ಸಲವಲ್ಲ, ಮೂರು ಸಲ.

ಹಿನ್ನೆಲೆ ನಿಮಗೆಲ್ಲ ಗೊತ್ತಿದ್ದದ್ದೇ. 1956ರ ನವೆಂಬರ್ 1ರ ತನಕ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆ ದಿನ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಸೇರಿತು, ಈ ತಾಲೂಕು ಕೇರಳಕ್ಕೆ ಹೋಯಿತು. ಅತ್ತ ರಾಜ್ಯೋತ್ಸವ, ಇತ್ತ ಕೇರಳ ಪಿರವಿ, ತಾರೀಕು ಒಂದೇ. ನಮ್ಮ ಕಡೆಯ ಹಿರಿಯರಿಗೆ ಆ ದಿನ ಯಾವ ಬಾವುಟಕ್ಕೆ ಕೈಮುಗಿಯುವುದೆಂದು ತಿಳಿಯುತ್ತಿರಲಿಲ್ಲ.

ಮರು ವರ್ಷವೇ ಚುನಾವಣೆ. ಮಂಜೇಶ್ವರ ತನ್ನ ಉತ್ತರವನ್ನು ಕೂಡಲೇ ಕೊಟ್ಟಿತು. ಕೇರಳದ ಮೊದಲ ವಿಧಾನಸಭೆಗೆ ಎಂ. ಉಮೇಶ ರಾವ್ ಪಕ್ಷೇತರರಾಗಿ, ಎದುರಾಳಿಯೇ ಇಲ್ಲದೆ ಆಯ್ಕೆಯಾದರು. ಇಎಂಎಸ್ ಅವರ ಸರಕಾರವನ್ನು ಕೇಂದ್ರ 1959ರಲ್ಲಿ ವಜಾ ಮಾಡಿತು. 1960ರ ಚುನಾವಣೆಯಲ್ಲಿ ಅದೇ ಕ್ಷೇತ್ರದಿಂದ ಗೆದ್ದವರು ನಮ್ಮ ಭಂಡಾರಿಯವರು. ಅವರ ಹಿಂದೆ ಇದ್ದದ್ದು ವಿಲೀನ ಕೇಳುತ್ತಿದ್ದ ಕರ್ನಾಟಕ ಸಮಿತಿ. ಅದಕ್ಕೆ ದೇಶವ್ಯಾಪಿ ಪಕ್ಷದ ಬಲವಿಲ್ಲ, ಮಂತ್ರಿಗಿರಿ ಕೊಡಿಸುವ ಶಕ್ತಿಯೂ ಇಲ್ಲ.

ಈಗ ನೀವು ಪಾಳಯಂನಲ್ಲಿ ನೋಡುವ ಸಭೆಯ ಕಟ್ಟಡ ಆಗ ಇರಲಿಲ್ಲ. ಅದು ತೆರೆದದ್ದು 1998ರಲ್ಲಿ. ಆಗಿನ ಶಾಸಕರು ಕೂತದ್ದು ಸೆಕ್ರೆಟರಿಯೇಟಿನೊಳಗಿನ ಹಳೆಯ ಸಭಾಂಗಣದಲ್ಲಿ. ಸುತ್ತ ಕಾಂಗ್ರೆಸ್ಸು, ಕಮ್ಯುನಿಸ್ಟು, ಪಿಎಸ್‌ಪಿ, ಲೀಗು. ನಡುವೆ ಕನ್ನಡದ ಒಬ್ಬ ಪಕ್ಷೇತರ. ನಾನು ಶಾಸಕನಾದವನಲ್ಲ, ಆದರೆ ಪಂಚಾಯತು ಸಭೆಯಲ್ಲಿ ಒಬ್ಬನೇ ಎದ್ದುನಿಂತು ಬೇಡ ಎಂದ ಅನುಭವ ಇದೆ. ಮೊಣಕಾಲು ನಡುಗುತ್ತದೆ.

1965ರಲ್ಲಿ ಮತ್ತೆ ಗೆದ್ದರು. ಇಲ್ಲಿ ಸ್ವಲ್ಪ ನಗು ಬರುವ ಸಂಗತಿ ಇದೆ. ಆ ಸಲ ಯಾರಿಗೂ ಬಹುಮತ ಬರಲಿಲ್ಲ, ಸರಕಾರ ರಚನೆಯಾಗಲಿಲ್ಲ. ಸಭೆ ಒಂದು ದಿನವೂ ಸೇರದೆ ವಿಸರ್ಜನೆಯಾಯಿತು. ಬೇಡದ ಸಭೆಗೆ ಹೋಗಲು ಬಿಸಿಲಲ್ಲಿ ಬಾಯಾರು, ವರ್ಕಾಡಿ, ಪೈವಳಿಕೆ ಎಂದು ಸುತ್ತಿ ವೋಟು ಕೇಳಿ ಗೆದ್ದರೆ, ಆ ಸಭೆಯೇ ಇಲ್ಲ!

1967 ಅವರ ದೊಡ್ಡ ವರ್ಷ. ಹಿಂದಿನ ಅಕ್ಟೋಬರಿನಲ್ಲಷ್ಟೇ ಕೇಂದ್ರ ಸರಕಾರ ರಾಜ್ಯಗಳ ಗಡಿ ಜಗಳ ನೋಡಲು ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗವನ್ನು ನೇಮಿಸಿತ್ತು. ಚುನಾವಣೆಯಲ್ಲಿ ಏಳು ಪಕ್ಷಗಳ ಕೂಟ ಕೇರಳವನ್ನೆಲ್ಲ ಗುಡಿಸಿಕೊಂಡು ಹೋಯಿತು. ಆ ನೆರೆಯಲ್ಲೂ ಮಂಜೇಶ್ವರದಲ್ಲಿ ಭಂಡಾರಿಯವರು ನಿಂತರು, ಪಕ್ಕದ ಕಾಸರಗೋಡಿನಲ್ಲಿ ಯು.ಪಿ. ಕುಣಿಕುಳ್ಳಾಯರು ಗೆದ್ದರು. ಆಗಸ್ಟಿನಲ್ಲಿ ವರದಿ ಬಂತು: ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಬಡಗು ದಿಕ್ಕಿನ ಕಾಸರಗೋಡು ಮೈಸೂರಿಗೆ ಸೇರಬೇಕು. ಒಬ್ಬ ವಕೀಲನಿಗೆ ಇದಕ್ಕಿಂತ ದೊಡ್ಡ ತೀರ್ಪು ಏನು ಬೇಕು?

ಆದರೆ ಜಾರಿ ಆಗಲಿಲ್ಲ. ಆಯೋಗ ಬಂದದ್ದೇ ಬೆಳಗಾವಿಯ ಜಗಳಕ್ಕೆ. ಬೆಳಗಾವಿ ಸಿಗದ ಮಹಾರಾಷ್ಟ್ರ ವರದಿಯನ್ನು ತಳ್ಳಿಹಾಕಿತು, ಕೇರಳವೂ ಒಪ್ಪಲಿಲ್ಲ. ಕಾಸರಗೋಡಿನ ಕಡತ ಬೆಳಗಾವಿಯ ಕಡತದ ಬಾಲಕ್ಕೆ ಕಟ್ಟಿಹೋಯಿತು. ಅಂದಿನಿಂದ ಕರ್ನಾಟಕ ‘ಮಹಾಜನ ವರದಿಯೇ ಅಂತಿಮ’ ಎನ್ನುತ್ತಲೇ ಇದೆ. ಹೇಳುವ ವೇದಿಕೆ ಬೆಳಗಾವಿಯದು, ಕಾಸರಗೋಡಿನ ಹೆಸರು ಕೊನೆಯ ಸಾಲಿನಲ್ಲಿ. ಬೆಂಗಳೂರಿನವರು ಯಾರಾದರೂ ಇಲ್ಲಿದ್ದರೆ ಬೇಸರ ಮಾಡಬೇಡಿ, ಇದನ್ನು ಯಾರಾದರೂ ಹೇಳಬೇಕಾಗಿತ್ತು.

1970ರಲ್ಲಿ ಮಂಜೇಶ್ವರ ಸಿಪಿಐಯ ಎಂ. ರಾಮಪ್ಪನವರನ್ನು ಗೆಲ್ಲಿಸಿತು. ಅಲ್ಲಿಗೆ ಸಮಿತಿಯ ಕಾಲ ಮುಗಿಯಿತು. ಜನ ಕನ್ನಡವನ್ನು ಮರೆತರು ಎಂದು ಆಗ ಹಲವರು ನೊಂದರು. ನನಗೆ ಹಾಗೆ ಕಾಣುವುದಿಲ್ಲ. ಗೇಣಿದಾರನಿಗೆ ಭೂಮಿ ಬೇಕಿತ್ತು, ಬೀಡಿ ಕಟ್ಟುವವಳಿಗೆ ಕೂಲಿ ಬೇಕಿತ್ತು. ವಿಲೀನ ಎಂಬ ಒಂದೇ ಬೇಡಿಕೆಯ ಮೇಲೆ ಸಮಿತಿ ಎಲ್ಲವನ್ನೂ ಕಟ್ಟಿತ್ತು. ಅದು ದಿಲ್ಲಿಯಲ್ಲಿ ಧೂಳು ಹಿಡಿದಾಗ ಹಳ್ಳಿಗೆ ಹೇಳಲು ಬೇರೆ ಮಾತು ಅದರ ಕೈಯಲ್ಲಿ ಉಳಿಯಲಿಲ್ಲ.

ಹಾಗಾದರೆ ಭಂಡಾರಿಯವರದು ಸೋಲೇ? ನನ್ನ ಅಮ್ಮನ ಕತೆ ಒಂದು ಹೇಳುತ್ತೇನೆ. ಅಮ್ಮ ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿದವರು. ಒಮ್ಮೆ ಒಂದು ಸರಕಾರಿ ಕಚೇರಿಯಿಂದ ತರವಾಡು ಜಾಗದ ಬಗ್ಗೆ ಮಲಯಾಳದಲ್ಲಿ ನೋಟೀಸು ಬಂತು. ಅದನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಹೊಸಂಗಡಿಯ ಅಂಗಡಿಯವರ ಹತ್ತಿರ ಓದಿಸಲು ಹೋದರು. ಅವರಿಲ್ಲ. ಮರುದಿನ ಹೋದರು, ಅಂಗಡಿಗೆ ರಜೆ. ಮೂರನೆಯ ದಿನ ಓದಿಸಿದಾಗ ಗೊತ್ತಾಯಿತು, ಹಾಜರಾಗಬೇಕಾದ ದಿನ ಮೊನ್ನೆಯೇ ಕಳೆದಿತ್ತು.

ಅಮ್ಮನಿಗೂ ಗೊತ್ತಿರಲಿಲ್ಲ, ನನಗೂ ಬಹಳ ತಡವಾಗಿ ಗೊತ್ತಾದದ್ದು: ಆ ನೋಟೀಸಿಗೆ ಕನ್ನಡದಲ್ಲಿ ತಕರಾರು ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಅವರಿಗಿತ್ತು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲೇ ಅದು ಇದೆ. ತಮಿಳು, ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೂ, ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೂ ತಮ್ಮ ಭಾಷೆಯಲ್ಲಿ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಆ ಕಾಯಿದೆ ಆದಾಗ ಕಾಸರಗೋಡಿನ ಎರಡು ಕುರ್ಚಿಗಳಲ್ಲಿ ಸಮಿತಿಯವರು ಕೂತಿದ್ದರು. ಅವರಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಕನ್ನಡದವರು ಇಲ್ಲಿ ಇದ್ದಾರೆ ಎಂಬುದನ್ನು ಮಾತ್ರ ಆ ಸಭೆ ಮರೆಯುವ ಹಾಗಿರಲಿಲ್ಲ.

ಮುಂದೆಯೂ ಮರೆಯಲಿಲ್ಲ. ಮಂಜೇಶ್ವರದ ಡಾ. ಎ. ಸುಬ್ಬರಾವ್ 1980ರಲ್ಲಿ ನಾಯನಾರ್ ಸಂಪುಟದಲ್ಲಿ ನೀರಾವರಿ ಮಂತ್ರಿಯಾದರು. 2016ರಲ್ಲಿ ಮಂಜೇಶ್ವರದ ಗೆಲುವಿನ ಅಂತರ ಬರೇ 89 ಮತ, 2021ರಲ್ಲಿ 745. ಇಷ್ಟು ತೂಗಾಡುವ ಕ್ಷೇತ್ರದಲ್ಲಿ ಯಾವ ಪಕ್ಷದವರೂ ಕನ್ನಡದ ಮನೆಯ ಮೆಟ್ಟಿಲು ಹತ್ತದೆ ಇರಲಾರರು. 2021ರಲ್ಲಿ ಗೆದ್ದ ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲಿ. ಕಾಸರಗೋಡಿನ ಕನ್ನಡಕ್ಕೆ ಒಂದೇ ಜಾತಿ, ಒಂದೇ ಮತ ಹಚ್ಚುವವರು ಇದನ್ನು ಒಮ್ಮೆ ನೆನೆಯಲಿ.

ಊಟದ ಗಂಟೆ ಆಗಿದೆ, ಹಿಂದೆ ಬಡಿಸುವವರು ನನ್ನನ್ನೇ ನೋಡುತ್ತಿದ್ದಾರೆ. ನಿಮ್ಮಲ್ಲಿ ಮಂಜೇಶ್ವರ, ಕುಂಬಳೆ, ಬದಿಯಡ್ಕದವರು ಬಹಳ ಮಂದಿ ಇದ್ದೀರಿ, ಹಲವರು ಇಲ್ಲಿನ ಸರಕಾರಿ ಕೆಲಸದಲ್ಲೇ ಇದ್ದೀರಿ. ರಜೆಯಲ್ಲಿ ಊರಿಗೆ ಹೋದಾಗ ತಂದೆ ತಾಯಿಯ ಹೆಸರಿನ ಅರ್ಜಿ ಯಾವುದಾದರೂ ಇದ್ದರೆ ದಯವಿಟ್ಟು ಕನ್ನಡದಲ್ಲಿ ಬರೆದುಕೊಡಿ. ‘ಉತ್ತರವನ್ನು ಕನ್ನಡದಲ್ಲಿ ಕಳುಹಿಸಬೇಕು’ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿ, ರಶೀದಿ ಪಡೆಯದೆ ಕಚೇರಿಯಿಂದ ಹೊರಬರಬೇಡಿ.