ಬಿಳಿ ಕೋಟು, ಒಂದು ವೋಟು



ಇವತ್ತು ಅಮೆರಿಕದ ಕಥೆ ಹೇಳ್ತೀನಿ. ವೀಸಾ ಕಥೆ ಅಲ್ಲ, ಟ್ಯಾರಿಫ್ ಕಥೆಯೂ ಅಲ್ಲ. ಸ್ಟೆಥಾಸ್ಕೋಪ್ ಕೆಳಗಿಟ್ಟು ಮೈಕ್ ಹಿಡಿದ ಡಾಕ್ಟರುಗಳ ಕಥೆ.

ನಾವೆಲ್ಲ ಮಾತಾಡ್ತೀವಿ ಅಲ್ವಾ, ಓದಿದವರು ರಾಜಕೀಯಕ್ಕೆ ಬರಬೇಕು, ಆಗ ದೇಶ ಉದ್ಧಾರ ಆಗುತ್ತೆ ಅಂತ. ಟೀ ಅಂಗಡಿಯಿಂದ ಟಿವಿ ಸ್ಟುಡಿಯೋವರೆಗೂ ಇದೇ ಮಾತು. ಸರಿ, ಹಾಗಾದ್ರೆ ಡಾಕ್ಟರ್‌ಗಿಂತ ಹೆಚ್ಚು ಓದಿದವರು ಯಾರಿದ್ದಾರೆ? ಹತ್ತು ಹನ್ನೆರಡು ವರ್ಷ ಓದು, ಟ್ರೇನಿಂಗ್. ಜನರ ನೋವನ್ನು ಕೈಯಿಂದ ಮುಟ್ಟಿ ನೋಡಿದವರು. ಇಂಥವರು ಸಂಸತ್ತಿನಲ್ಲಿ ಕೂತರೆ ಏನಾಗುತ್ತೆ? ಅಮೆರಿಕದಲ್ಲಿ ಈ ಪ್ರಯೋಗ 250 ವರ್ಷದಿಂದ ನಡೀತಾ ಇದೆ. ರಿಸಲ್ಟ್ ಏನು ಅಂತ ನೋಡೋಣ ಬನ್ನಿ.

1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 56 ಜನ ಸಹಿ ಹಾಕಿದರು. ಅದರಲ್ಲಿ ಫಿಲಡೆಲ್ಫಿಯಾದ ಬೆಂಜಮಿನ್ ರಶ್ ಡಾಕ್ಟರ್. ನ್ಯೂ ಹ್ಯಾಂಪ್‌ಶೈರ್‌ನ ಜೋಸಾಯಾ ಬಾರ್ಟ್‌ಲೆಟ್ ಡಾಕ್ಟರ್. ಅವರಿಗಿಂತ ಒಂದು ವರ್ಷ ಮೊದಲು, 1775ರಲ್ಲಿ, ಬಂಕರ್ ಹಿಲ್ ಯುದ್ಧದಲ್ಲಿ ಗುಂಡು ತಗುಲಿ ಸತ್ತ ಜೋಸೆಫ್ ವಾರೆನ್ ಕೂಡ ಬಾಸ್ಟನ್‌ನ ಡಾಕ್ಟರ್. ಅಂದ್ರೆ ಆ ದೇಶ ಹುಟ್ಟಿದ ಹೆರಿಗೆ ಕೋಣೆಯಲ್ಲೇ ಡಾಕ್ಟರುಗಳಿದ್ದರು! ಆದರೆ ತಮಾಷೆ ನೋಡಿ, ಇಷ್ಟು ವರ್ಷದಲ್ಲಿ ಎಂ.ಡಿ. ಪದವಿ ಇರುವ ಒಬ್ಬರೂ ಅಲ್ಲಿ ಅಧ್ಯಕ್ಷರಾಗಿಲ್ಲ. ವಿಲಿಯಂ ಹೆನ್ರಿ ಹ್ಯಾರಿಸನ್ ಸ್ವಲ್ಪ ದಿನ ವೈದ್ಯಕೀಯ ಓದಿ ಬಿಟ್ಟರು, ಅಷ್ಟೇ.

ಪ್ರಯತ್ನ ಪಟ್ಟವರು ಬೇಕಾದಷ್ಟು ಜನ. ವರ್ಮಾಂಟ್ ರಾಜ್ಯದ ಹೊವಾರ್ಡ್ ಡೀನ್ 1991ರ ಆಗಸ್ಟ್‌ನಲ್ಲಿ ತಮ್ಮ ಕ್ಲಿನಿಕ್‌ನಲ್ಲಿ ಪೇಷೆಂಟ್ ನೋಡ್ತಾ ಇದ್ದರು. ಆಗ ಅವರು ಲೆಫ್ಟಿನೆಂಟ್ ಗವರ್ನರ್, ಅದೊಂದು ಪಾರ್ಟ್ ಟೈಮ್ ಕೆಲಸ. ಗವರ್ನರ್ ತೀರಿಕೊಂಡಿದ್ದಾರೆ, ಇನ್ನು ನೀವೇ ಗವರ್ನರ್ ಅಂತ ಸುದ್ದಿ ಬಂತು. ಡೀನ್ ಏನು ಮಾಡಿದರು ಗೊತ್ತಾ? ಎದುರಿಗಿದ್ದ ಪೇಷೆಂಟ್ ತಪಾಸಣೆ ಮುಗಿಸಿ ಆಮೇಲೆ ಹೊರಟರು. ಟೆಕ್ಸಾಸ್‌ನ ರಾನ್ ಪಾಲ್ 4000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಡಾಕ್ಟರ್. ಮೂರು ಸಲ ಅಧ್ಯಕ್ಷ ಹುದ್ದೆಗೆ ಓಡಿದರು. ಓಕ್ಲಹೋಮಾದ ಟಾಮ್ ಕೋಬರ್ನ್ ಸೆನೆಟರ್ ಆದ ಮೇಲೂ ಹೆರಿಗೆ ಮಾಡಿಸೋದು ಬಿಡಲಿಲ್ಲ. ಸೆನೆಟರ್ ಆದವರು ಹೊರಗೆ ಪ್ರಾಕ್ಟೀಸ್ ಮಾಡಿ ದುಡಿಯುವ ಹಾಗಿಲ್ಲ ಅಂತ ಎಥಿಕ್ಸ್ ಕಮಿಟಿ ತಕರಾರು ತೆಗೀತು. ಸರಿ, ಫೀಸೇ ಬೇಡ, ಬಿಟ್ಟಿ ಮಾಡ್ತೀನಿ ಅಂದರು ಕೋಬರ್ನ್. ಆ ಜಗಳ ವರ್ಷಗಟ್ಟಲೆ ನಡೀತು.

ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ನಾನು ಹೇಳಬೇಕಾದ ವಿಷಯ ಇದಲ್ಲ. ಡಾಕ್ಟರ್‌ಗೆ ಗೊತ್ತಿರುವ ಸತ್ಯ ಒಂದು ಕಡೆ, ಪಕ್ಷಕ್ಕೆ ಬೇಕಾದ ವೋಟು ಇನ್ನೊಂದು ಕಡೆ ನಿಂತಾಗ ಏನಾಗುತ್ತೆ? ಅಸಲಿ ಪರೀಕ್ಷೆ ಅಲ್ಲಿದೆ.

ಮೊದಲು ಬಿಲ್ ಫ್ರಿಸ್ಟ್. ಟೆನೆಸ್ಸಿ ರಾಜ್ಯದವರು. ಸಾಮಾನ್ಯ ಡಾಕ್ಟರ್ ಅಲ್ಲ, ಹೃದಯ ಮತ್ತು ಶ್ವಾಸಕೋಶದ ಕಸಿ ಮಾಡುವ ಸರ್ಜನ್. ಈ ಮನುಷ್ಯನ ಬದುಕಿನ ಎರಡು ದಿನ ಹೇಳ್ತೀನಿ.

ಒಂದನೇ ದಿನ, 1998ರ ಜುಲೈ 24. ಬಂದೂಕು ಹಿಡಿದ ಒಬ್ಬ ವಾಷಿಂಗ್ಟನ್‌ನ ಸಂಸತ್ ಭವನ ಕ್ಯಾಪಿಟಲ್‌ಗೆ ನುಗ್ಗಿದ. ಇಬ್ಬರು ಪೊಲೀಸರು ಜೀವ ಕಳೆದುಕೊಂಡರು. ಫ್ರಿಸ್ಟ್ ಆಗ ಸೆನೆಟರ್. ಗುಂಡಿನ ಸುದ್ದಿ ಕೇಳಿ ಎಲ್ಲರೂ ದೂರ ಓಡುವಾಗ ಇವರು ಅತ್ತ ಓಡಿದರು. ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟರು. ಅವರ ಕೈಯಲ್ಲಿ ಚಿಕಿತ್ಸೆ ಪಡೆದವರಲ್ಲಿ ಗುಂಡು ಹಾರಿಸಿದವನೂ ಇದ್ದ! ಇವನು ಯಾರು, ಏನು ಮಾಡಿದ ಅಂತ ಡಾಕ್ಟರ್ ಕೇಳೋದಿಲ್ಲ. ಉಸಿರು ಇದೆಯಾ? ಹಾಗಾದ್ರೆ ಉಳಿಸು.

ಎರಡನೇ ದಿನ, 2005ರ ಮಾರ್ಚ್ 17. ಈಗ ಫ್ರಿಸ್ಟ್ ಸೆನೆಟ್‌ನ ಬಹುಮತದ ನಾಯಕ. 2008ರ ಅಧ್ಯಕ್ಷ ಚುನಾವಣೆಗೆ ಅವರ ಹೆಸರು ಓಡಾಡ್ತಾ ಇದೆ. ಫ್ಲೋರಿಡಾದಲ್ಲಿ ಟೆರಿ ಶೈವೋ ಅನ್ನುವ ಮಹಿಳೆ 1990ರಿಂದ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಹಾಸಿಗೆ ಹಿಡಿದಿದ್ದರು. ಆಹಾರದ ಟ್ಯೂಬ್ ತೆಗೆಯಬೇಕು ಅಂತ ಗಂಡ, ಬೇಡ ಅಂತ ತಂದೆ ತಾಯಿ. ಕೋರ್ಟ್ ಎಷ್ಟೋ ವರ್ಷ ವಿಚಾರಣೆ ಮಾಡಿ, ಪರೀಕ್ಷೆ ಮಾಡಿದ ಡಾಕ್ಟರುಗಳ ಮಾತು ಕೇಳಿ, ಗಂಡನ ಪರ ಹೇಳಿತ್ತು. ಇದು ಇಡೀ ದೇಶದ ರಾಜಕೀಯ ಆಗಿಹೋಯ್ತು. ಫ್ರಿಸ್ಟ್ ಸೆನೆಟ್‌ನಲ್ಲಿ ಎದ್ದು ನಿಂತರು. ನಾನು ಡಾಕ್ಟರ್, ಆಕೆಯ ವಿಡಿಯೋ ನೋಡಿದ್ದೀನಿ, ಈ ರೋಗನಿರ್ಣಯದ ಬಗ್ಗೆ ನನಗೆ ಅನುಮಾನ ಇದೆ ಅನ್ನುವ ಅರ್ಥದ ಭಾಷಣ ಮಾಡಿದರು.

ವಿಡಿಯೋ ನೋಡಿ! ನಾಡಿ ಮುಟ್ಟಿಲ್ಲ, ಸ್ಕ್ಯಾನ್ ಕೈಗೆತ್ತಿಕೊಂಡು ಕೂತಿಲ್ಲ, ಆ ರೂಮಿಗೇ ಹೋಗಿಲ್ಲ. ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲೂ ಒಂದು ಮಾತಿದೆ, ಸೈಟಿಗೆ ಹೋಗದೆ, ಮಣ್ಣು ಪರೀಕ್ಷೆ ಮಾಡದೆ ಅಡಿಪಾಯದ ಡ್ರಾಯಿಂಗ್‌ಗೆ ಸಹಿ ಹಾಕಬೇಡ ಅಂತ. ಕಟ್ಟಡಕ್ಕೇ ಈ ನಿಯಮ ಇದ್ದರೆ ಮನುಷ್ಯರ ಮೆದುಳಿಗೆ ಬೇಡವಾ?

ಆ ಮಾರ್ಚ್ 31ರಂದು ಟೆರಿ ಶೈವೋ ತೀರಿಕೊಂಡರು. ಜೂನ್‌ನಲ್ಲಿ ಮರಣೋತ್ತರ ಪರೀಕ್ಷೆಯ ವರದಿ ಬಂತು. ಮೆದುಳಿನ ತೂಕ ಇರಬೇಕಾದ್ದರಲ್ಲಿ ಸುಮಾರು ಅರ್ಧ. ಆಕೆಗೆ ಕಣ್ಣೂ ಕಾಣಿಸ್ತಾ ಇರಲಿಲ್ಲ. ನಾನು ರೋಗನಿರ್ಣಯ ಮಾಡಿರಲೇ ಇಲ್ಲ ಅಂದರು ಫ್ರಿಸ್ಟ್. ಆದರೆ ಜನ ನಂಬಿದ್ದು ಸೆನೆಟರ್ ಫ್ರಿಸ್ಟ್ ಮಾತನ್ನಲ್ಲ, ಡಾಕ್ಟರ್ ಫ್ರಿಸ್ಟ್ ಮಾತನ್ನ. ಅದು ಅವರಿಗೂ ಗೊತ್ತಿತ್ತು.

ಒಬ್ಬನೇ ಮನುಷ್ಯ, ಏಳು ವರ್ಷದ ಅಂತರ. ಪೇಷೆಂಟ್ ಕಣ್ಣೆದುರು ಬಿದ್ದಿದ್ದಾಗ ಆತ ಪೂರ್ತಿ ಡಾಕ್ಟರ್. ವೋಟು ಕಣ್ಣೆದುರಿಗಿದ್ದಾಗ ಬಿಳಿ ಕೋಟು ಬರೀ ವೇಷ.

ಹಾಗಂತ ಸತ್ಯ ಹೇಳಿದವರೇ ಇಲ್ವಾ? ಇದ್ದಾರೆ. ಹೇಳಿದ್ದಕ್ಕೆ ಬೆಲೆ ಕೊಟ್ಟವರಲ್ಲಿ ಒಬ್ಬರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದವರು, ಡಾಕ್ಟರ್ ವಿವೇಕ್ ಮೂರ್ತಿ. 2008ರಲ್ಲಿ ಒಬಾಮಾ ಪರವಾಗಿ ಡಾಕ್ಟರುಗಳ ಸಂಘಟನೆ ಕಟ್ಟಿ ರಾಜಕೀಯದ ಬಾಗಿಲಿಗೆ ಬಂದವರು. 2012ರಲ್ಲಿ ಒಂದು ಟ್ವೀಟ್ ಮಾಡಿದರು. ಬಂದೂಕು ಅನ್ನೋದು ಆರೋಗ್ಯದ ಪ್ರಶ್ನೆ ಅನ್ನುವುದು ಅದರ ಸಾರಾಂಶ. ಮುಂದಿನ ವರ್ಷ ಒಬಾಮಾ ಅವರನ್ನು ಸರ್ಜನ್ ಜನರಲ್ ಹುದ್ದೆಗೆ ಹೆಸರಿಸಿದಾಗ ಬಂದೂಕು ಲಾಬಿ ಆ ಟ್ವೀಟ್ ಹಿಡಿದುಕೊಂಡು ಕೂತಿತು. ವರ್ಷಕ್ಕೂ ಹೆಚ್ಚು ಕಾಲ ಫೈಲ್ ಅಲ್ಲಾಡಲಿಲ್ಲ. 2014ರ ಡಿಸೆಂಬರ್‌ನಲ್ಲಿ 51-43 ವೋಟಿನಲ್ಲಿ ಪಾಸಾದರು. ಬೈಡನ್ ಕಾಲದಲ್ಲಿ ಮತ್ತೆ ಅದೇ ಹುದ್ದೆಗೆ ಬಂದು, 2024ರ ಜೂನ್‌ನಲ್ಲಿ ಅಧಿಕೃತ ಸಲಹಾ ವರದಿಯನ್ನೇ ಹೊರಡಿಸಿದರು. ಬಂದೂಕಿನ ಹಿಂಸೆ ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಅಂತ. ಹನ್ನೆರಡು ವರ್ಷ ಆದರೂ ಮಾತು ಬದಲಾಗಲಿಲ್ಲ.

ನಿಜ, ಅವರು ಜನರ ಮುಂದೆ ವೋಟು ಕೇಳಬೇಕಾಗಿರಲಿಲ್ಲ. ವೋಟು ಕೇಳಬೇಕಾದ ಡಾಕ್ಟರ್ ಗತಿ ಏನು? ಅದಕ್ಕೆ ಮೂರನೇ ಕಥೆ. ಇದೇ ನನ್ನನ್ನು ತುಂಬಾ ಕಾಡಿದ್ದು.

ಹೆಸರು ಬಿಲ್ ಕ್ಯಾಸಿಡಿ. ಲೂಯಿಸಿಯಾನಾ ರಾಜ್ಯದ ರಿಪಬ್ಲಿಕನ್ ಸೆನೆಟರ್. ಲಿವರ್ ಸ್ಪೆಷಲಿಸ್ಟ್. ಬ್ಯಾಟನ್ ರೂಜ್ ಪಟ್ಟಣದಲ್ಲಿ ಬಡವರ ಆಸ್ಪತ್ರೆಯಲ್ಲಿ ಎಷ್ಟೋ ವರ್ಷ ದುಡಿದವರು. ಅಲ್ಲಿನ 36,000 ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ಉಚಿತವಾಗಿ ಸಿಗುವಂಥ ಯೋಜನೆ ಕಟ್ಟಿದವರು. 2005ರಲ್ಲಿ ಕತ್ರೀನಾ ಚಂಡಮಾರುತ ಬಂದಾಗ ಖಾಲಿ ಬಿದ್ದಿದ್ದ ಒಂದು ಅಂಗಡಿ ಕಟ್ಟಡವನ್ನೇ ತುರ್ತು ಆಸ್ಪತ್ರೆ ಮಾಡಿದವರು. ಕೊಂಕು ತೆಗೆಯೋಕೆ ಜಾಗವೇ ಇಲ್ಲದ ಡಾಕ್ಟರ್.

ಧೈರ್ಯ ಇಲ್ಲದವರೂ ಅಲ್ಲ. 2021ರ ಫೆಬ್ರವರಿ 13ರಂದು ಮಹಾಭಿಯೋಗದಲ್ಲಿ ಟ್ರಂಪ್ ತಪ್ಪಿತಸ್ಥ ಅಂತ ವೋಟು ಹಾಕಿದ ಏಳು ರಿಪಬ್ಲಿಕನ್ ಸೆನೆಟರ್‌ಗಳಲ್ಲಿ ಇವರೂ ಒಬ್ಬರು. ಅವತ್ತೇ ಅವರ ರಾಜ್ಯದ ಪಕ್ಷ ಅವರ ವಿರುದ್ಧ ಖಂಡನಾ ನಿರ್ಣಯ ಮಾಡಿತು.

ಈಗ 2025ಕ್ಕೆ ಬನ್ನಿ. ಟ್ರಂಪ್ ಮತ್ತೆ ಅಧ್ಯಕ್ಷ. ಆರೋಗ್ಯ ಮಂತ್ರಿ ಸ್ಥಾನಕ್ಕೆ ರಾಬರ್ಟ್ ಕೆನಡಿ ಜೂನಿಯರ್ ಹೆಸರು. ಲಸಿಕೆಗಳ ಮೇಲೆ ವರ್ಷಗಟ್ಟಲೆ ಅನುಮಾನ ಬಿತ್ತುತ್ತಾ ಬಂದ ವಕೀಲ. ಸೆನೆಟ್‌ನ ಆರೋಗ್ಯ ಸಮಿತಿಯ ಅಧ್ಯಕ್ಷ ಯಾರು? ಇದೇ ಡಾಕ್ಟರ್ ಕ್ಯಾಸಿಡಿ. ಜನವರಿ 30ರ ವಿಚಾರಣೆಯಲ್ಲಿ ಅವರು ಒಂದು ಹಳೇ ನೆನಪು ಹೇಳಿದರು. 18 ವರ್ಷದ ಹುಡುಗಿ, ಹೆಪಟೈಟಿಸ್ ಬಿ ಬಂದು ಲಿವರ್ ಪೂರ್ತಿ ಕೈಕೊಟ್ಟಿದೆ. ಕಸಿಗಾಗಿ ಹೆಲಿಕಾಪ್ಟರ್‌ನಲ್ಲಿ ಕಳಿಸ್ತಾ ಇದ್ದಾರೆ. ಐವತ್ತು ಡಾಲರ್‌ನ ಲಸಿಕೆ ಇದನ್ನೆಲ್ಲ ತಪ್ಪಿಸಬಹುದಿತ್ತು, ನನ್ನ ವೃತ್ತಿಯಲ್ಲಿ ಅದಕ್ಕಿಂತ ಕೆಟ್ಟ ದಿನ ಇರಲಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದರು. ಯಾವ ಕಡೆ ಹೋಗಲಿ ಅಂತ ಒದ್ದಾಡ್ತಾ ಇದ್ದೀನಿ ಅಂತ ಎಲ್ಲರ ಎದುರೇ ಒಪ್ಪಿಕೊಂಡರು.

ಐದು ದಿನ ಕಳೀತು. ಫೆಬ್ರವರಿ 4, ಫೈನಾನ್ಸ್ ಕಮಿಟಿಯಲ್ಲಿ ವೋಟಿಂಗ್. ಕೆನಡಿ ಪರ 14, ವಿರುದ್ಧ 13. ಆ ಹದಿನಾಲ್ಕರಲ್ಲಿ ಒಂದು ವೋಟು ಡಾಕ್ಟರ್ ಕ್ಯಾಸಿಡಿಯದು. ಲೆಕ್ಕ ನೀವೇ ಹಾಕಿ. ಅವರೊಬ್ಬರು ಆ ಕಡೆ ಹೋಗಿದ್ದರೆ ಆ ಹೆಸರು ಅಲ್ಲೇ ಬಿದ್ದುಹೋಗ್ತಿತ್ತು.

ಯಾಕೆ ಹೀಗೆ ಮಾಡಿದರು? ಅವರ ಕಡೆಯ ವಾದವನ್ನೂ ಹೇಳಬೇಕು. ಕೆನಡಿ ಅವರಿಂದ ಭರವಸೆ ತಗೊಂಡಿದ್ದೀನಿ, ಲಸಿಕೆ ಸಲಹಾ ಸಮಿತಿಯ ಶಿಫಾರಸುಗಳನ್ನು ಹಾಗೇ ಉಳಿಸಿಕೊಳ್ತಾರೆ ಅಂದರು ಕ್ಯಾಸಿಡಿ. ಒಳಗಿದ್ದು ಕಣ್ಣಿಡೋದು, ಹೊರಗೆ ಹೋಗಿ ಕೂಗೋದಕ್ಕಿಂತ ಮೇಲು ಅನ್ನುವ ಲೆಕ್ಕ. ಆ ಹೆಸರು ಬಿದ್ದರೆ ಅಂಥದ್ದೇ ಇನ್ನೊಂದು ಹೆಸರು ಬರ್ತಿತ್ತು ಅನ್ನೋರೂ ಇದ್ದಾರೆ. ಇದನ್ನು ತಳ್ಳಿಹಾಕೋಕೆ ಆಗಲ್ಲ. ಜೊತೆಗೆ ಇನ್ನೊಂದು ವಿಷಯ. 2026ರಲ್ಲಿ ಅವರಿಗೆ ಚುನಾವಣೆ, ಪಕ್ಷದೊಳಗೆ 2021ರ ಸಿಟ್ಟು ಇನ್ನೂ ಆರಿರಲಿಲ್ಲ.

ಫೆಬ್ರವರಿ 13, ಪೂರ್ಣ ಸೆನೆಟ್‌ನಲ್ಲಿ ಮತದಾನ. ಟ್ರಂಪ್ ವಿರುದ್ಧ ಕ್ಯಾಸಿಡಿ ವೋಟು ಹಾಕಿ ಸರಿಯಾಗಿ ನಾಲ್ಕು ವರ್ಷ, ಅದೇ ತಾರೀಕು! ಕೆನಡಿ 52-48ರಲ್ಲಿ ಗೆದ್ದರು. ರಿಪಬ್ಲಿಕನ್ ಪಕ್ಷದಿಂದ ಬೇಡ ಅಂದವರು ಒಬ್ಬರೇ, ಮಿಚ್ ಮೆಕಾನೆಲ್. ಅವರು ಡಾಕ್ಟರ್ ಅಲ್ಲ, ವಕೀಲರು. ಆದರೆ 1944ರಲ್ಲಿ, ಎರಡು ವರ್ಷದ ಮಗುವಾಗಿದ್ದಾಗ, ಅವರಿಗೆ ಪೋಲಿಯೊ ಬಂದಿತ್ತು. ಆಗ ಪೋಲಿಯೊಗೆ ಲಸಿಕೆಯೇ ಇರಲಿಲ್ಲ. ಅಮ್ಮ ಎರಡು ವರ್ಷ ದಿನಾ ಕಾಲಿಗೆ ವ್ಯಾಯಾಮ ಮಾಡಿಸಿ ನಡೆಯೋ ಹಾಗೆ ಮಾಡಿದರು. ಆ ದಿನ ಸೆನೆಟ್‌ನ ರಿಪಬ್ಲಿಕನ್ ಸಾಲುಗಳಲ್ಲಿ ಡಾಕ್ಟರುಗಳೂ ಇದ್ದರು, ಪೇಷೆಂಟೂ ಇದ್ದರು. ಬೇಡ ಅಂದಿದ್ದು ಪೇಷೆಂಟ್.

ಆಮೇಲೆ ಏನಾಯ್ತು? ಜೂನ್ 2025ರಲ್ಲಿ ಕೆನಡಿ ಆ ಲಸಿಕೆ ಸಲಹಾ ಸಮಿತಿಯ 17 ಸದಸ್ಯರನ್ನೂ ಒಂದೇ ಏಟಿಗೆ ಮನೆಗೆ ಕಳಿಸಿದರು. ಡಿಸೆಂಬರ್ 5ರಂದು ಹೊಸ ಸಮಿತಿ 8-3 ವೋಟಿನಲ್ಲಿ ಒಂದು ತೀರ್ಮಾನ ಮಾಡಿತು. ಪರೀಕ್ಷೆಯಲ್ಲಿ ತಾಯಿಗೆ ಸೋಂಕಿಲ್ಲ ಅಂತ ಬಂದಿದ್ದರೆ, ಮಗು ಹುಟ್ಟಿದ ಕೂಡಲೇ ಕೊಡುವ ಲಸಿಕೆ ಎಲ್ಲರಿಗೂ ಕಡ್ಡಾಯವಾಗಿ ಶಿಫಾರಸು ಮಾಡಬೇಕಿಲ್ಲ, ತಂದೆ ತಾಯಿ ಡಾಕ್ಟರ್ ಜೊತೆ ಮಾತಾಡಿ ನಿರ್ಧರಿಸಲಿ ಅಂತ. ಯಾವ ಲಸಿಕೆ ಗೊತ್ತಾ? ಹೆಪಟೈಟಿಸ್ ಬಿ. ಕ್ಯಾಸಿಡಿ ತಮ್ಮ ಜೀವಮಾನ ಸವೆಸಿದ ಅದೇ ಲಸಿಕೆ. ಲಿವರ್ ಡಾಕ್ಟರ್ ಆಗಿ ಹೇಳ್ತೀನಿ, ಇದು ತಪ್ಪು ಅಂತ ಅವರು ಬಹಿರಂಗವಾಗಿ ಹೇಳಿದರು. ಹೇಳಿದ್ದು ಸರಿ. ಆದರೆ ವೋಟು ಕೈಬಿಟ್ಟು ಹೋಗಿ ಹತ್ತು ತಿಂಗಳಾಗಿತ್ತು.

ಇದು ಯಾಕೆ ಸಣ್ಣ ವಿಷಯ ಅಲ್ಲ? ದೊಡ್ಡವರಿಗೆ ಈ ವೈರಸ್ ಬಂದರೆ ಹೆಚ್ಚಿನವರಲ್ಲಿ ವಾಸಿಯಾಗಿ ಹೋಗುತ್ತೆ. ಹುಟ್ಟುವಾಗಲೇ ತಗುಲಿದರೆ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಜೀವನಪೂರ್ತಿ ಉಳಿಯುತ್ತೆ. ವರ್ಷಗಟ್ಟಲೆ ಏನೂ ಗೊತ್ತಾಗಲ್ಲ. ಆಮೇಲೆ ಲಿವರ್ ಗಟ್ಟಿಯಾಗುತ್ತೆ, ಕೆಲವರಿಗೆ ಕ್ಯಾನ್ಸರ್. ಅದಕ್ಕೇ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಮಗು ಹುಟ್ಟಿದ 24 ಗಂಟೆಯೊಳಗೆ ಈ ಸೂಜಿ ಚುಚ್ಚುವ ನಿಯಮ ಇರೋದು. ಭರವಸೆ ಮುರಿದರೆ ಸೆನೆಟರ್‌ಗೆ ಬೇಜಾರಾಗುತ್ತೆ. ಲಸಿಕೆ ತಪ್ಪಿದ ಮಗುವಿಗೆ ಆಗೋದು ಬೇಜಾರಲ್ಲ.

ಡಾಕ್ಟರುಗಳು ರಾಜಕೀಯಕ್ಕೆ ಬರಬಾರದು ಅಂತ ನಾನು ಹೇಳ್ತಿಲ್ಲ. ಬರಲಿ. ಕ್ಯಾಸಿಡಿ ಅಲ್ಲಿ ಇಲ್ಲದಿದ್ದರೆ ಆ ಹುಡುಗಿಯ ಕಥೆ ಆ ವಿಚಾರಣೆಯಲ್ಲಿ ಯಾರೂ ಹೇಳ್ತಿರಲಿಲ್ಲ. ಆದರೆ ಓದಿದವರು ಬಂದರೆ ಎಲ್ಲ ಸರಿಹೋಗುತ್ತೆ ಅಂತ ನಂಬಿ ಕೂರೋದನ್ನ ಮಾತ್ರ ಬಿಡೋಣ. ಡಿಗ್ರಿ ಸತ್ಯ ಏನು ಅಂತ ತಿಳಿಸುತ್ತೆ. ಆ ಸತ್ಯಕ್ಕಾಗಿ ಕುರ್ಚಿ ಕಳೆದುಕೊಳ್ಳೋದನ್ನ ಯಾವ ಮೆಡಿಕಲ್ ಕಾಲೇಜೂ ಹೇಳಿಕೊಡಲ್ಲ. ಡಾಕ್ಟರ್ ಸಾಹೇಬರು ವೋಟು ಕೇಳೋಕೆ ಬಂದಾಗ ಎಷ್ಟು ಆಪರೇಷನ್ ಮಾಡಿದ್ದೀರಿ ಅಂತ ಕೇಳಬೇಡಿ. ನಿಮಗೆ ಗೊತ್ತಿದ್ದದ್ದಕ್ಕೂ ನಿಮ್ಮ ಪಕ್ಷಕ್ಕೆ ಬೇಕಾದದ್ದಕ್ಕೂ ಜಗಳ ಬಿದ್ದ ದಿನ ನೀವು ಎತ್ತ ಕೈ ಎತ್ತಿದಿರಿ ಅಂತ ಕೇಳಿ. ಉತ್ತರ ಭಾಷಣದಲ್ಲಿ ಸಿಗಲ್ಲ, ಮತದಾನದ ದಾಖಲೆಯಲ್ಲಿ ಸಿಗುತ್ತೆ. ಅಲ್ಲಿ ಹುಡುಕಿ.