ಮನೆಯೊಳಗೇ ಇದ್ದ ಇತಿಹಾಸ

(ಇತಿಹಾಸ ಶಿಕ್ಷಕರ ಸಭೆಯೊಂದರಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಮಳವಳ್ಳಿ, ಮದ್ದೂರು, ಮಂಡ್ಯ ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಇತಿಹಾಸವೆಂದರೆ ದೆಹಲಿಯಲ್ಲೋ ಪಾಣಿಪತ್ತಿನಲ್ಲೋ ನಡೆದದ್ದು ಎಂದು ನಮ್ಮ ಮಕ್ಕಳು ನಂಬಿರುತ್ತಾರೆ. ಅದು ನಮ್ಮೂರಿನಲ್ಲೂ ನಡೆದಿದೆ ಎಂದು ತೋರಿಸುವುದೇ ನನ್ನ ಕೆಲಸವೆಂದು ತಿಳಿದಿದ್ದೆ.

ಮಳವಳ್ಳಿ ಕಡೆ ಇದ್ದಾಗ ಕೈಗಾರಿಕೆಯ ಪಾಠವನ್ನು ಶಿವನಸಮುದ್ರದಿಂದ ಶುರು ಮಾಡುತ್ತಿದ್ದೆ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಪಕ್ಕದ ಹಳ್ಳಿಗಳಲ್ಲಿ ಉರಿಯುತ್ತಿದ್ದುದು ಎಣ್ಣೆ ದೀಪವೇ. ‘ಯಾಕೆ ಸಾರ್?’ ಎಂದು ಒಬ್ಬ ಕೇಳಿದರೆ ಅಂದಿನ ಪಾಠ ಅರ್ಧ ಮುಗಿದಂತೆ.

ಮದ್ದೂರಿಗೆ ವರ್ಗವಾದ ಮೇಲೆ ಆತಕೂರಿನ ಕಲ್ಲು ಸಿಕ್ಕಿತು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದ. ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಹಂದಿಯೊಂದಿಗೆ ತಾನೂ ಸತ್ತ ಕಾಳಿಗೆ ಕ್ರಿ.ಶ. 950ರ ಸುಮಾರಿನಲ್ಲಿ ಕಲ್ಲು ನಿಲ್ಲಿಸಿದರು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ‘ನಮ್ಮ ಕಲ್ಲು ನಮ್ಮೂರಲ್ಲಿ ಯಾಕಿಲ್ಲ?’ ಎಂದು ಮಕ್ಕಳು ಕೇಳುತ್ತಿದ್ದರು.

ಇನ್ನು ಶಿವಪುರ. 1938ರ ಏಪ್ರಿಲ್ 11ರಂದು ಮದ್ದೂರಿನ ಬಳಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಧ್ವಜ ಹಾರಿಸಕೂಡದೆಂದು ಸರ್ಕಾರದ ನಿಷೇಧವಿತ್ತು. ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರನ್ನು ಬಂಧಿಸಿದರೂ ಸತ್ಯಾಗ್ರಹ ನಿಲ್ಲಲಿಲ್ಲ. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರಾಯಿತು. ಇದನ್ನು ನಾನು ಹದಿನೈದು ವರ್ಷ ಕಪ್ಪು ಹಲಗೆಯ ಮೇಲೆ ಬರೆದು, ಒರೆಸಿ, ಮತ್ತೆ ಬರೆದೆ.

ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ಐದನೇ ತರಗತಿಯಲ್ಲಿದ್ದ ನನ್ನ ಮಗಳು ನಮ್ಮವ್ವನನ್ನು ಕೇಳಿದಳು: ‘ಅಜ್ಜಿ, ಶಿವಪುರದಲ್ಲಿ ಬಾವುಟ ಹಾರಿಸ್ದಾಗ ನೀನು ಎಲ್ಲಿದ್ದೆ?’

ಅವ್ವನ ತವರು ಶಿವಪುರದ ಹತ್ತಿರದ ಹಳ್ಳಿ. ಆಗ ಅವಳಿಗೆ ಹನ್ನೆರಡು ವರ್ಷ. ‘ಬಾವುಟ ನಾನೆಲ್ಲಿ ಕಂಡೆ ಕನವ್ವ! ಬಿಸ್ಲಲ್ಲಿ ಬಂದೋರ್ಗೆ ಮಜ್ಜಿಗೆ ಹೊತ್ತೂ ಹೊತ್ತೂ ಸೊಂಟ ಬಿದ್ದೋಯ್ತು. ಗಾಂಧಿ ಬಂದವ್ನೆ ಅಂದ್ರು. ಅವ್ನೂ ಕಾಣ್ನಿಲ್ಲ’ ಎಂದಳು.

ನನ್ನ ಕೈ ತುತ್ತಿನಲ್ಲೇ ನಿಂತಿತು. ಪಾಠ ಮಾಡಿ ಮನೆಗೆ ಬಂದು ದಿನವೂ ಇದೇ ಅವ್ವನ ಪಕ್ಕದಲ್ಲಿ ಕೂತು ಉಂಡಿದ್ದೇನೆ. ಒಮ್ಮೆಯೂ ಕೇಳಿರಲಿಲ್ಲ.

ಶಿವಪುರಕ್ಕೆ ಗಾಂಧೀಜಿ ಬಂದಿರಲಿಲ್ಲ. ಹಾಗೆಂದು ಅವ್ವ ಸುಳ್ಳು ಹೇಳಿದಳೇ? ಮರುದಿನ ತರಗತಿಯಲ್ಲಿ ಇದನ್ನೇ ಕೇಳಿದೆ. ‘ಜನ ಅಂದ್ಕೊಂಡಿದ್ದನ್ನ ಅಜ್ಜಿ ಹೇಳವ್ರೆ ಸಾರ್’ ಎಂದಳು ಒಬ್ಬ ಹುಡುಗಿ. ದಾಖಲೆ ಬೇರೆ, ನೆನಪು ಬೇರೆ. ಎರಡನ್ನೂ ಒರೆಗೆ ಹಚ್ಚಬೇಕು ಎಂಬುದನ್ನು ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಬಾವುಟ ಹಾರಿಸಿದವರ ಹೆಸರು ಪುಸ್ತಕದಲ್ಲಿದೆ. ಮಜ್ಜಿಗೆ ಹೊತ್ತವರನ್ನು ನಾವೇ ಕೇಳಿ ತಿಳಿಯಬೇಕು.

ಅಂದಿನಿಂದ ಮನೆಯ ಹಿರಿಯರನ್ನು ಕೇಳಿ ಬರೆದು ತರಲು ಮಕ್ಕಳಿಗೆ ಹೇಳತೊಡಗಿದೆ. ಮಂಡ್ಯದ ಶಾಲೆಯಲ್ಲಿ ಒಬ್ಬ, ವಿಶ್ವೇಶ್ವರಯ್ಯ ನಾಲೆಯ ನೀರು ಮೊದಲು ಗದ್ದೆಗೆ ಬಂದ ದಿನದ ಕಥೆ ತಂದ. ಇನ್ನೊಬ್ಬಳು, 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಗೆ ತಾತ ಗಾಡಿಯಲ್ಲಿ ಕಬ್ಬು ಹೊಡೆದದ್ದನ್ನು ಬರೆದಳು.

ಆದರೆ ನಾನು? ಅವ್ವನ ಓರಗೆಯವರು ಅವಳ ತವರಿನಲ್ಲಿ ಇನ್ನೂ ಇದ್ದರು. ಪರೀಕ್ಷೆ, ಮೌಲ್ಯಮಾಪನ, ಜನಗಣತಿ ಎಂದು ದಿನ ದೂಡಿದೆ. ಎರಡು ವರ್ಷದಲ್ಲಿ ಅವ್ವ ತೀರಿಕೊಂಡಳು. ಬಿಡುವು ಮಾಡಿಕೊಂಡು ಆ ಊರಿಗೆ ಹೋಗುವ ಹೊತ್ತಿಗೆ ಹೇಳುವವರು ಯಾರೂ ಉಳಿದಿರಲಿಲ್ಲ. ಅವ್ವನ ಮಾತು ನನ್ನ ನೋಟುಬುಕ್ಕಿನಲ್ಲಿ ಒಂದೂವರೆ ಪುಟವಿದೆ, ಅಷ್ಟೆ.

ನಿಮ್ಮ ಮನೆಗಳಲ್ಲಿ ಇನ್ನೂ ಹಿರಿಯರಿದ್ದಾರೆ. ಇವತ್ತು ಸಂಜೆಯೇ ಕೇಳಿ. ನಾಳೆಯ ಪಾಠವನ್ನು ಆಮೇಲೆ ಸಿದ್ಧಪಡಿಸಿಕೊಂಡರಾಯಿತು.